ಗುಂಟೆಯ ಲೆಕ್ಕ, ಗಣಕದ ತರ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ರೈತನಿಗೆ ಇಬ್ಬರು ತಲಾಠಿಗಳು. ಒಬ್ಬರು ಕಣ್ಣಿಗೆ ಕಾಣುವವರು. ಸರ್ಕಾರ ಅವರನ್ನು ಮೊದಲು ಗ್ರಾಮ ಲೆಕ್ಕಿಗ ಎಂದಿತು, ಆಮೇಲೆ ಗ್ರಾಮ ಲೆಕ್ಕಾಧಿಕಾರಿ ಎಂದಿತು, ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಿದೆ. ಮುಂಬೈ ಪ್ರಾಂತ್ಯದ ಕಾಲದಿಂದ ಬಂದ ‘ತಲಾಠಿ’ ಎಂಬ ಹೆಸರನ್ನು ಮಾತ್ರ ಊರಿನವರು ಬಿಟ್ಟುಕೊಟ್ಟಿಲ್ಲ. ಎರಡನೆಯವನು ಕಣ್ಣಿಗೆ ಕಾಣದವನು. ಗಣಕಯಂತ್ರದೊಳಗೆ ವಾಸಿಸುವ ಪ್ರೋಗ್ರಾಂ. ಮೊದಲನೆಯವರನ್ನು ಚಹಾದಂಗಡಿಯ ಮುಂದೆ ನಿಲ್ಲಿಸಿ ಮಾತನಾಡಿಸಬಹುದು, ಜಗಳವಾಡಬಹುದು, ಅವರ ವರ್ಗಾವಣೆಗೆ ಶಾಸಕರ ಮನೆಯವರೆಗೂ ಹೋಗಬಹುದು. ಎರಡನೆಯವನನ್ನು ವರ್ಗಾಯಿಸಲು ಬಾರದು. ಅವನಿಗೆ ಸಿಟ್ಟಿಲ್ಲ, ದಾಕ್ಷಿಣ್ಯವಿಲ್ಲ, ನಿವೃತ್ತಿಯೂ ಇಲ್ಲ. ಆದರೆ ಹೊಲದ ಒಡೆಯ ಯಾರೆಂಬ ಪ್ರಶ್ನೆಗೆ ಕೊನೆಯ ಮಾತು ಇಂದು ಅವನದೇ.

ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆ ಸೇರಿದವನು ನಾನು. ಪ್ರೋಗ್ರಾಂ ಬರೆಯುವ ವಿದ್ಯೆ ನನ್ನದಲ್ಲ. ಪ್ರೋಗ್ರಾಂ ಬರೆಸುವ ಸಭೆಗಳಲ್ಲಿ ಕುಳಿತ ಅನುಭವ ಸಾಕಷ್ಟಿದೆ. ಆ ಸಭೆಗಳಲ್ಲಿ ನಾನು ಕಂಡುಕೊಂಡ ಸತ್ಯ ಇಷ್ಟು: ತಂತ್ರಾಂಶದ ರಚನೆಯನ್ನು ತಂತ್ರಜ್ಞಾನದ ವಿಷಯವೆಂದು ತಿಳಿಯುವುದು, ಮದುವೆಯನ್ನು ಅಡುಗೆಯ ವಿಷಯವೆಂದು ತಿಳಿದಂತೆ. ಅಡುಗೆ ಕೆಟ್ಟರೆ ಗಲಾಟೆಯಾಗುವುದು ನಿಜ; ಆದರೆ ಬೀಗರು ಮುನಿಸಿಕೊಳ್ಳುವುದು ಬೇರೆಯೇ ಕಾರಣಕ್ಕೆ.

ಕರ್ನಾಟಕದ ‘ಭೂಮಿ’ ಯೋಜನೆಯನ್ನೇ ನೋಡೋಣ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ಈ ತಂತ್ರಾಂಶ 2000ದ ದಶಕದ ಆರಂಭದಲ್ಲಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳನ್ನೆಲ್ಲ ಪ್ರವೇಶಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳು ಗಣಕದೊಳಗೆ ಸೇರಿದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಅಚ್ಚಾದ ಪಹಣಿ ಸಿಗತೊಡಗಿತು. ವಿಜಯಪುರದ ಕಡೆ ಅದನ್ನು ಉತಾರ ಎನ್ನುತ್ತಾರೆ. ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ಶೇಕಡ 66. ಹೊಸ ಕಿಟಕಿಯಲ್ಲಿ ಕೊಟ್ಟೆವೆಂದವರು ಶೇಕಡ 3. ಸರ್ಕಾರಿ ಸುಧಾರಣೆಗಳ ಚರಿತ್ರೆಯಲ್ಲಿ ಇಂಥ ಇಳಿತ ಅಪರೂಪ.

ಈ ಇಳಿತಕ್ಕೆ ಕಾರಣ ಗಣಕದ ವೇಗವಲ್ಲ. ಅದರೊಳಗೆ ಅಡಗಿದ್ದ ಒಂದು ಸಾಲಿನ ನಿಯಮ. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದನ್ನು ಮೊದಲು ವಿಲೇವಾರಿ ಮಾಡಬೇಕು, ನಡುವಿನಿಂದ ಒಂದನ್ನು ಎತ್ತಿಕೊಳ್ಳಲು ನೌಕರನಿಗೆ ಅವಕಾಶವಿಲ್ಲ ಎಂಬುದು ಆ ನಿಯಮ. ಬಸ್ ನಿಲ್ದಾಣದ ಸಾಲಿಗೆ ಗೊತ್ತಿರುವ ಈ ನೀತಿ ಕಂದಾಯ ಕಚೇರಿಗೆ ಹೊಸದಾಗಿತ್ತು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕಡತದ ರಾಶಿಯಲ್ಲಿ ಕೆಳಗಿನ ಕಡತವನ್ನು ಮೇಲಕ್ಕೆ ತರುವುದೇ ಅಲ್ಲಿ ಮಾರಾಟದ ಸರಕಾಗಿತ್ತು. ಪ್ರೋಗ್ರಾಂ ಆ ಸರಕಿನ ಉತ್ಪಾದನೆಯನ್ನೇ ನಿಲ್ಲಿಸಿತು. ಯಾರಿಗೂ ನೀತಿಬೋಧೆ ಮಾಡಲಿಲ್ಲ, ಯಾರನ್ನೂ ಅಮಾನತು ಮಾಡಲಿಲ್ಲ. ಒಳ್ಳೆಯ ತಂತ್ರಾಂಶದ ಲಕ್ಷಣವೇ ಇದು: ಮನುಷ್ಯನನ್ನು ಒಳ್ಳೆಯವನಾಗು ಎಂದು ಬೇಡಿಕೊಳ್ಳುವುದಿಲ್ಲ, ಕೆಟ್ಟವನಾಗುವುದನ್ನು ತುಸು ಕಷ್ಟದ ಕೆಲಸವನ್ನಾಗಿ ಮಾಡುತ್ತದೆ.

ಹಾಗೆಂದು ಪೇಟೆ ಶಾಶ್ವತವಾಗಿ ಮುಚ್ಚಿತೆಂದು ಭಾವಿಸಬೇಕಾಗಿಲ್ಲ. ಬೇಡಿಕೆಯಿರುವ ಸರಕು ಬಾಗಿಲು ಬದಲಿಸುತ್ತದೆಯೇ ಹೊರತು ಊರು ಬಿಡುವುದಿಲ್ಲ. ಸರದಿಯೊಳಗೆ ಕೈಯಾಡಿಸಲು ಬಾರದಿದ್ದರೆ ಸರದಿಗೆ ಸೇರಿಸಿಕೊಳ್ಳುವ ಬಾಗಿಲಲ್ಲಿ ನಿಲ್ಲಬಹುದು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬರೆದ ಅಧ್ಯಯನವಂತೂ, ದಾಖಲೆ ಒಂದೆಡೆ ಕೇಂದ್ರೀಕೃತವಾದದ್ದರಿಂದ ದೊಡ್ಡ ಭೂವ್ಯವಹಾರಸ್ಥರಿಗೇ ಹೆಚ್ಚು ಅನುಕೂಲವಾಯಿತೆಂದು ವಾದಿಸಿತು. ಎರಡೂ ಮಾತುಗಳಲ್ಲಿ ಸತ್ಯವಿದೆ. ಕಿಟಕಿಯ ಮುಂದೆ ನಿಂತ ಸಿಂದಗಿಯ ಸಣ್ಣ ರೈತನಿಗೆ ಅಚ್ಚಾದ ಉತಾರ ವರವೇ ಸರಿ. ಆದರೆ ಪ್ರೋಗ್ರಾಂ ತನ್ನ ಕಣ್ಣೆದುರಿನ ಕಿಟಕಿಯನ್ನಷ್ಟೇ ಕಾಯುತ್ತದೆ, ಹಿತ್ತಲ ಬಾಗಿಲನ್ನಲ್ಲ.

ಇನ್ನು ಲೆಕ್ಕದ ವಿಷಯ. ಗಣಕಯಂತ್ರಕ್ಕೆ ಲೆಕ್ಕ ಬರುತ್ತದೆಂಬುದು ಲೋಕದ ನಂಬಿಕೆ. ಅದಕ್ಕೆ ಬರುವುದು ತನ್ನ ಲೆಕ್ಕ. ನಮ್ಮ ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಉತಾರದ ಮೇಲೆ 5.10.00.00 ಎಂದು ಅಚ್ಚಾಗಿದ್ದರೆ ಅದು ಐದು ಎಕರೆ ಹತ್ತು ಗುಂಟೆ. ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಎಕರೆಗೂ ಗುಂಟೆಗೂ ನಡುವಿನ ಬದು. ಇದನ್ನು ಅರಿಯದ ಉತ್ಸಾಹಿಯೊಬ್ಬ ಅದನ್ನು ಎಕ್ಸೆಲ್ ಹಾಳೆಗೆ 5.10 ಎಂದು ಇಳಿಸಿ, ನಾಲ್ವರು ಅಣ್ಣತಮ್ಮಂದಿರಿಗೆ ಹಂಚು ಎಂದನೆನ್ನಿ. ಉತ್ತರ 1.275 ಎಂದು ಬರುತ್ತದೆ. ಅದನ್ನು ಮರಳಿ ಒಂದು ಎಕರೆ ಇಪ್ಪತ್ತೇಳೂವರೆ ಗುಂಟೆ ಎಂದು ಓದಿದರೆ ನಾಲ್ವರ ಪಾಲು ಕೂಡಿ 6 ಎಕರೆ 30 ಗುಂಟೆಯಾಗುತ್ತದೆ. ಇದ್ದದ್ದು 5 ಎಕರೆ 10 ಗುಂಟೆ. ಮಳೆಯಿಲ್ಲದೆ, ಉಳುಮೆಯಿಲ್ಲದೆ ಒಂದೂವರೆ ಎಕರೆ ಬೆಳೆಯಿತು! ಸರಿಯಾದ ಪಾಲು ಒಬ್ಬೊಬ್ಬರಿಗೆ 1 ಎಕರೆ 12 ಗುಂಟೆ 8 ಆಣೆ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಇದನ್ನು ಬೆರಳೆಣಿಸಿ ಹೇಳಬಲ್ಲರು.

ಇದು ನಗೆಯ ಮಾತಾಗಿ ಉಳಿಯದ ಊರುಗಳು ಕೃಷ್ಣೆಯ ದಂಡೆಯಲ್ಲಿವೆ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಮುಳುಗಡೆಯಾಗುವ ಜಮೀನಿಗೆ ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ದರ ನಿಗದಿ ಮಾಡಿತು: ನೀರಾವರಿಯಾದರೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಯಾದರೆ 30 ಲಕ್ಷ. ಅಂದರೆ ನೀರಾವರಿಯ ಒಂದು ಗುಂಟೆಗೆ ಒಂದು ಲಕ್ಷ, ಒಣಭೂಮಿಯ ಒಂದು ಗುಂಟೆಗೆ 75 ಸಾವಿರ. ಚುಕ್ಕೆಯೊಂದನ್ನು ತಪ್ಪಾಗಿ ಓದಿದರೆ ಮೇಲಿನ ಅಣ್ಣತಮ್ಮಂದಿರ ಲೆಕ್ಕದಲ್ಲಿ 60 ಲಕ್ಷ ರೂಪಾಯಿ ಏರುಪೇರಾಗುತ್ತದೆ. ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರು ಪದಗಳಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿದ ಬೆರಳು ಎಕರೆಗೆ 10 ಲಕ್ಷವನ್ನು ಆಚೀಚೆ ಮಾಡಬಲ್ಲದು. ಆ ಬೆರಳು ಯಾರದು? ಮೂಲದಲ್ಲಿ ದತ್ತಾಂಶ ಭರ್ತಿಗೆಂದು ಗೊತ್ತುಪಡಿಸಿದ ಖಾಸಗಿ ಏಜೆನ್ಸಿಗಳ ಯುವಕರದು. ಅವರಿಗೆ ಕೀಲಿಮಣೆ ಗೊತ್ತಿತ್ತು. ಎರೆಹೊಲ ಮತ್ತು ಮಡ್ಡಿಯ ವ್ಯತ್ಯಾಸ ಗೊತ್ತಿರಬೇಕೆಂಬ ಷರತ್ತು ಯಾವ ಟೆಂಡರಿನಲ್ಲಿದ್ದೀತು?

ಇಂಗ್ಲಿಷಿನಲ್ಲಿ ಪ್ರೋಗ್ರಾಮಿನ ದೋಷಕ್ಕೆ ‘ಬಗ್’ ಎನ್ನುತ್ತಾರೆ, ಅಂದರೆ ಹುಳು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಗಣಕದೊಳಗೆ ನಿಜವಾಗಿಯೇ ಪತಂಗವೊಂದು ಸಿಕ್ಕಿತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದನ್ನು ಇಂದಿಗೂ ಕಾಪಿಡಲಾಗಿದೆ. ಪದ ಅದಕ್ಕಿಂತ ಹಳೆಯದು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಲು ಹಾರ್ವರ್ಡ್ ಬೇಕಿಲ್ಲ, ತೊಗರಿಯ ಕಾಯಿಕೊರಕ ಸಾಕು. ಹೊರಗಿನಿಂದ ಗಿಡ ಹಸಿರಾಗಿರುತ್ತದೆ, ಕಾಯಿ ತುಂಬಿದಂತೆ ಕಾಣುತ್ತದೆ. ಬಿಚ್ಚಿ ನೋಡಿದರೆ ಕಾಳಿನ ಜಾಗದಲ್ಲಿ ಹುಳು. ಭೂದಾಖಲೆಯ ಹುಳುವೂ ಹೀಗೆಯೇ. ಅಪ್ಪ ಇರುವವರೆಗೆ ಉತಾರವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಅವರು ತೀರಿಹೋಗಿ ವಾರಸಾ ಹಚ್ಚಲು ಹೋದ ದಿನ, ಅಥವಾ ಪರಿಹಾರದ ಪಟ್ಟಿ ಬಂದ ದಿನ, ಒಳಗಿನ ಹುಳು ತಲೆಯೆತ್ತುತ್ತದೆ.

ಬಹುಪಾಲು ಹುಳುಗಳು ಹೆಸರಿನಲ್ಲಿ ಮನೆ ಮಾಡಿರುತ್ತವೆ. ಹಳೆಯ ಮೈಸೂರಿನಲ್ಲಿ ಒಬ್ಬನ ಹೆಸರಿನ ಮುಂದೆ ‘ಬಿನ್’ ಎಂದು ಬರೆದು ತಂದೆಯ ಹೆಸರು ಸೇರಿಸಿದರೆ ಮನುಷ್ಯ ಪೂರ್ಣನಾದ. ನಮ್ಮ ಕಡೆ ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಊರಿಗೆ ಊರೇ ಬಿರಾದಾರರು ಅಥವಾ ಪಾಟೀಲರು ಇರುವಲ್ಲಿ ಅಡ್ಡಹೆಸರಿನಿಂದ ಗುರುತು ಹಿಡಿಯಲಾಗದು, ಅದನ್ನು ಬಿಟ್ಟರೂ ನಡೆಯದು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸುತ್ತ ಬಸಪ್ಪ, ಬಸಣ್ಣ, ಬಸವರಾಜ, ಬಸವಂತ, ಬಸಲಿಂಗ ಎಂಬ ಹೆಸರುಗಳಿಗೆ ಬರವೆಲ್ಲಿ? ಉತಾರದಲ್ಲಿ ಬಸಪ್ಪನಾಗಿರುವವರು ಆಧಾರ್ ಚೀಟಿಯಲ್ಲಿ ಬಸವರಾಜರಾಗಿರುತ್ತಾರೆ. ಮನೆಯಲ್ಲಿ ಮೊದಲಿನದು, ಶಾಲೆಯಲ್ಲಿ ಎರಡನೆಯದು. ಊರಿಗೆ ಇದರಲ್ಲಿ ಗೊಂದಲವೇ ಇಲ್ಲ. ಆದರೆ ಪ್ರೋಗ್ರಾಂ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ಉತಾರ ಕನ್ನಡದಲ್ಲಿ, ಬ್ಯಾಂಕಿನ ಖಾತೆ ಇಂಗ್ಲಿಷಿನಲ್ಲಿ. ಕೊನೆಗೊಂದು ‘ಎ’ ಅಕ್ಷರ ಹೆಚ್ಚಾದರೆ, ‘ವಿ’ ಬರುವಲ್ಲಿ ‘ಡಬ್ಲ್ಯು’ ಬಂದರೆ, ಮನುಷ್ಯ ಬೇರೆಯೇ ಆಗಿಬಿಡುತ್ತಾನೆ. 2019ರಲ್ಲಿ ಪಿಎಂ ಕಿಸಾನ್ ಹಣ ನೇರ ಖಾತೆಗೆ ಬರತೊಡಗಿದ ಮೇಲೆ, ರೈತರನ್ನು ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಾಯಿಸಿದ ಮೇಲೆ, 2024ರಲ್ಲಿ ಪಹಣಿಗೆ ಆಧಾರ್ ಜೋಡಣೆ ಆರಂಭವಾದ ಮೇಲೆ, ತಾನು ತಾನೇ ಎಂದು ಸಾಬೀತುಪಡಿಸುವುದು ಬಿತ್ತನೆ, ಕೊಯ್ಲುಗಳ ಜೊತೆ ಇನ್ನೊಂದು ಹಂಗಾಮಿನ ಕೆಲಸವಾಗಿದೆ.

ಖಾಲಿ ಮನೆಯ ಸಮಸ್ಯೆ ಇದಕ್ಕಿಂತ ಸೂಕ್ಷ್ಮ. ಬ್ರಿಟಿಷ್ ಗಣಕವಿಜ್ಞಾನಿ ಟೋನಿ ಹೋರ್ 1965ರಲ್ಲಿ ಭಾಷೆಯೊಂದನ್ನು ರೂಪಿಸುವಾಗ ‘ನಲ್’ ಎಂಬ ಶೂನ್ಯ ಸೂಚಕವನ್ನು ಸೇರಿಸಿದರು. 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪೆಂದು ಕರೆದರು. ‘ಇಲ್ಲ’ ಎಂಬುದಕ್ಕೂ ‘ಗೊತ್ತಿಲ್ಲ’ ಎಂಬುದಕ್ಕೂ ‘ಇನ್ನೂ ಬರೆದಿಲ್ಲ’ ಎಂಬುದಕ್ಕೂ ಒಂದೇ ಗುರುತು ಹಾಕಿದರೆ ಮುಂದೆ ಪ್ರೋಗ್ರಾಂ ಎಲ್ಲಿ ಮುಗ್ಗರಿಸುತ್ತದೆಂದು ಹೇಳಲು ಬಾರದು. ಶೂನ್ಯ, ಬಯಲು, ನಿರ್ಬಯಲುಗಳ ನಡುವೆ ಅಂತರ ಕಂಡ ಶರಣರ ನಾಡಿನವರಿಗೆ ಇದು ಹೊಸ ಪಾಠವಲ್ಲ. ಆದರೆ ಉತಾರದಲ್ಲಿ ಸಾಲದ ಕಲಂ ಖಾಲಿಯಿದ್ದರೆ ಸಾಲವಿಲ್ಲವೆಂದೇ, ಬ್ಯಾಂಕಿನಿಂದ ಮಾಹಿತಿ ಬಂದಿಲ್ಲವೆಂದೇ, ಬರೆಯಲು ಮರೆತರೆಂದೇ? ಕೊಳ್ಳುವವನು ಮೊದಲನೆಯದೆಂದು ನಂಬುತ್ತಾನೆ. ಆನ್‌ಲೈನಿನಲ್ಲಿ ಪಹಣಿ ನೋಡಹೊರಟವರು ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ‘ಸರ್ನಾಕ್’ ಎಂಬ ಇನ್ನೊಂದು ಮನೆಯನ್ನು ಕಂಡಿರುತ್ತಾರೆ. ಬಹುತೇಕ ಅಲ್ಲಿ ಇರುವುದು ಒಂದು ನಕ್ಷತ್ರ ಚಿಹ್ನೆ. ತನ್ನ ಹೊಲದ ಸರ್ವೆ ನಂಬರನ್ನು ನಿದ್ದೆಯಲ್ಲಿಯೂ ಹೇಳುವ ರೈತ ಈ ನಕ್ಷತ್ರದ ಮುಂದೆ ಬಂದು ನಿಲ್ಲುತ್ತಾನೆ. ಪಂಚಾಂಗದವರ ನಕ್ಷತ್ರ ಜನ್ಮಕ್ಕೆ ಒಮ್ಮೆ ಕೇಳುವಂಥದು. ಇದು ಉತಾರ ತೆಗೆದಾಗಲೆಲ್ಲ ಕೇಳುತ್ತದೆ.

ಅಮೆರಿಕದ ಮೆಲ್ವಿನ್ ಕಾನ್ವೇ 1968ರಲ್ಲಿ ಒಂದು ಮಾತು ಹೇಳಿದರು: ಯಾವುದೇ ಸಂಸ್ಥೆ ರೂಪಿಸುವ ವ್ಯವಸ್ಥೆಯು ಆ ಸಂಸ್ಥೆಯೊಳಗಿನ ಸಂಪರ್ಕದ ರಚನೆಯನ್ನೇ ಹೋಲುತ್ತದೆ. ಅವರು ನಮ್ಮ ತಾಲ್ಲೂಕು ಕಚೇರಿಯ ಅಂಗಳವನ್ನು ನೋಡಿ ಬರೆದಂತಿದೆ ಈ ಮಾತು. ಕಂದಾಯ ಇಲಾಖೆಗೆ ‘ಭೂಮಿ’, ನೋಂದಣಿ ಇಲಾಖೆಗೆ ‘ಕಾವೇರಿ’, ಭೂಮಾಪನ ಇಲಾಖೆಗೆ ‘ಮೋಜಿಣಿ’. ಹೊಲ ಒಂದೇ, ತಂತ್ರಾಂಶ ಮೂರು. ಏಕೆಂದರೆ ಇಲಾಖೆ ಮೂರು. ‘ಭೂಮಿ’ಯನ್ನು ಒಂದು ಸಂಸ್ಥೆ ಬರೆದರೆ ‘ಕಾವೇರಿ’ಯನ್ನು ಪುಣೆಯ ಸಿಡ್ಯಾಕ್ ಬರೆಯಿತು. ಅವುಗಳ ನಡುವೆ ಸೇತುವೆ ಕಟ್ಟುವವರೆಗೆ, ಉಪನೋಂದಣಿ ಕಚೇರಿಯಿಂದ ಜೆ ಸ್ಲಿಪ್ ಎಂಬ ಕಾಗದ ತಾಲ್ಲೂಕು ಕಚೇರಿಗೆ ನಡೆದು ಹೋಗುತ್ತಿತ್ತು. ಗಣಕದಿಂದ ಗಣಕಕ್ಕೆ ಸಿಪಾಯಿ ಹೊತ್ತೊಯ್ಯುವ ಚೀಟಿ! ನಡುವಿನ ದಿನಗಳಲ್ಲಿ ಒಂದೇ ಜಮೀನನ್ನು ಇಬ್ಬರಿಗೆ ಮಾರುವ ಚತುರರಿಗೆ ಅಷ್ಟೇ ಸಾಕಿತ್ತು. ಎರಡು ತಂತ್ರಾಂಶಗಳನ್ನು ಬೆಸೆದದ್ದು ದೊಡ್ಡ ಸುಧಾರಣೆಯೇ. ಆದರೆ ಅದಕ್ಕೆ ಮೊದಲು ಎರಡು ಇಲಾಖೆಗಳು ಒಂದೇ ಮೇಜಿನ ಸುತ್ತ ಕೂರಬೇಕಾಯಿತು. ಮೇಜು ಕೂಡಿಸುವ ಪ್ರೋಗ್ರಾಂ ಇನ್ನೂ ಯಾರೂ ಬರೆದಿಲ್ಲ.

ಊರು ಚಲಿಸುವುದಿಲ್ಲವೆಂಬುದು ಇನ್ನೊಂದು ಭ್ರಮೆ. ಐದು ತಾಲ್ಲೂಕುಗಳಿದ್ದ ನಮ್ಮ ಜಿಲ್ಲೆ 2014ರ ನವೆಂಬರ್ 1ರಂದು ಬಿಜಾಪುರದಿಂದ ವಿಜಯಪುರವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಹೊಸ ತಾಲ್ಲೂಕುಗಳಾದವು. ಹೊಲ ಅಂಗುಲದಷ್ಟೂ ಸರಿಯಲಿಲ್ಲ. ಅದರ ವಿಳಾಸ ಬದಲಾಯಿತು. ಜಿಲ್ಲೆ, ತಾಲ್ಲೂಕು, ಹೋಬಳಿಗಳ ಹೆಸರನ್ನೇ ಹೊಲದ ಗುರುತಾಗಿ ಹಿಡಿದ ಯಾವ ತಂತ್ರಾಂಶಕ್ಕೂ ಇದು ಭೂಕಂಪವೇ. ಒಳ್ಳೆಯ ರಚನಕಾರ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಇಲ್ಲಿ ಬದಲಾಗುವುದು ಯಾವುದು, ಬದಲಾಗದಿರುವುದು ಯಾವುದು?’ ವೇದಾಂತಿಗಳೂ ಇದನ್ನೇ ಕೇಳುತ್ತಿದ್ದರು. ಅವರಿಗೆ ಉತ್ತರ ಕೊಡಲು ಕೊನೆಯ ದಿನಾಂಕವೊಂದು ಇರಲಿಲ್ಲ, ಅಷ್ಟೇ.

ಕೊನೆಯ ದಿನಾಂಕದ ಪ್ರಸ್ತಾಪ ಬಂದದ್ದರಿಂದ ಫ್ರೆಡ್ ಬ್ರೂಕ್ಸ್ ಅವರನ್ನು ನೆನೆಯಬೇಕು. ಐಬಿಎಂ ಸಂಸ್ಥೆಯ ದೊಡ್ಡ ತಂತ್ರಾಂಶ ಯೋಜನೆಯೊಂದನ್ನು ನಡೆಸಿದ ಅವರು 1975ರ ತಮ್ಮ ಪುಸ್ತಕದಲ್ಲಿ, ತಡವಾದ ತಂತ್ರಾಂಶ ಯೋಜನೆಗೆ ಹೆಚ್ಚು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದರು. ಇಳಿಮುಖ ಪ್ರತಿಫಲದ ನಿಯಮವನ್ನು ಹೊಲದ ಉದಾಹರಣೆಯಿಂದ ಕಲಿತ ನನಗೆ ಇದು ಆಶ್ಚರ್ಯವಲ್ಲ. ಒಂದು ಎಕರೆಗೆ ಹತ್ತು ಜನ ಕಳೆ ಕೀಳಲು ಇಳಿದರೆ ಬೆಳೆಯೇ ತುಳಿತಕ್ಕೆ ಸಿಗುತ್ತದೆ. ಆದರೆ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ‘ಸಿಬ್ಬಂದಿ ಹೆಚ್ಚಿಸಿ, ಈ ತಿಂಗಳೊಳಗೆ ಮುಗಿಸಿ’ ಎಂಬ ಸೂಚನೆಗೆ ಎದುರಾಡುವ ಕೆಳ ಅಧಿಕಾರಿಯನ್ನು ನಾನು ನೋಡಿಲ್ಲ.

ಇಷ್ಟರವರೆಗಿನ ಮಾತುಗಳಲ್ಲಿ ನಗುವಿದೆ. ನಗು ಉಳಿಯದ ಪ್ರಸಂಗವೊಂದನ್ನೂ ಹೇಳಬೇಕು. 2024ರ ಅಕ್ಟೋಬರಿನಲ್ಲಿ ನೆರೆಯ ತಿಕೋಟಾ ತಾಲ್ಲೂಕಿನ ಹೊನವಾಡದ ರೈತರು ತಮ್ಮ ಜಮೀನು ವಕ್ಫ್ ಆಸ್ತಿಯಾಗಿಬಿಡುತ್ತದೆಂದು ಆತಂಕಗೊಂಡರು. 1974ರ ರಾಜ್ಯಪತ್ರದಲ್ಲಿ ವಿಜಯಪುರದ ಮಹಲ ಬಾಗಾಯತಕ್ಕೆ ಸೇರಿದ ಸರ್ವೆ ನಂಬರುಗಳ ಜೊತೆ ಹೊನವಾಡದ ಹೆಸರು ತಪ್ಪಾಗಿ ಸೇರಿಕೊಂಡದ್ದೇ ಇದಕ್ಕೆ ಮೂಲವೆಂದು ಜಿಲ್ಲಾ ಉಸ್ತುವಾರಿ ಸಚಿವರು ವಿವರಿಸಿದರು. ಇಂಡಿ ತಾಲ್ಲೂಕಿನ ಕೆಲವು ಸರ್ವೆ ನಂಬರುಗಳ ಉತಾರದಲ್ಲಿ ನೋಟಿಸ್ ನೀಡದೆಯೇ ನಮೂದು ಬದಲಾದದ್ದೂ ಹೊರಬಂತು. ನವೆಂಬರಿನಲ್ಲಿ ನೋಟಿಸುಗಳನ್ನು ಹಿಂಪಡೆಯಲು, ನೋಟಿಸಿಲ್ಲದೆ ಆದ ಬದಲಾವಣೆಗಳನ್ನು ರದ್ದುಪಡಿಸಲು ಮುಖ್ಯಮಂತ್ರಿ ಸೂಚಿಸಿದರು. ಇದರ ರಾಜಕೀಯವನ್ನು ಎಲ್ಲ ಪಕ್ಷಗಳೂ ಮಾಡಿವೆ. ನಾನು ಹೊಸದಾಗಿ ಮಾಡಬೇಕಾದ್ದಿಲ್ಲ. ನನ್ನ ಪ್ರಶ್ನೆ ರಚನೆಯದು. ಅರ್ಧ ಶತಮಾನದ ಹಿಂದಿನ ಒಂದು ಊರ ಹೆಸರು ಕಾಗದದ ಮೇಲೆ ಸುಮ್ಮನೆ ಮಲಗಿತ್ತು. ಅದಕ್ಕೆ ಕಾಲು ಬಂದದ್ದು ದಾಖಲೆಗಳನ್ನು ಒಂದರೊಡನೆ ಒಂದು ತಾಳೆ ಹಾಕುವ ಕಾಲದಲ್ಲಿ. ಉತಾರದ 11ನೇ ಕಲಮಿನಲ್ಲಿ, ಅಂದರೆ ಇತರ ಹಕ್ಕು ಮತ್ತು ಋಣಗಳ ಕಲಮಿನಲ್ಲಿ, ಹೊಲದೊಡೆಯನಿಗೆ ತಿಳಿಯದಂತೆ ಒಂದು ಸಾಲು ಸೇರಬಹುದಾದರೆ, ಆ ಸಾಲು ಯಾವ ಸಮುದಾಯದ್ದು, ಯಾವ ಬ್ಯಾಂಕಿನದು, ಯಾವ ಇಲಾಖೆಯದು ಎಂಬುದು ಎರಡನೆಯ ವಿಷಯ. ಸೇರಲು ಬಿಟ್ಟ ಬಾಗಿಲೇ ಮೊದಲನೆಯ ವಿಷಯ.

ಸರದಿ ತಪ್ಪಿಸಲಾಗದಂತೆ ಮಾಡಿದ ಜಾಣತನವನ್ನೇ ಇಲ್ಲಿಯೂ ತೋರಬಹುದು. ನೋಟಿಸ್ ಜಾರಿಯಾದ ದಿನಾಂಕವನ್ನೂ ಆಧಾರವಾದ ಆದೇಶದ ಸಂಖ್ಯೆಯನ್ನೂ ತುಂಬದೆ ಯಾವ ನಮೂದೂ ಮುಂದೆ ಸರಿಯದಂತೆ ಪ್ರೋಗ್ರಾಂ ಬಾಗಿಲು ಹಾಕಲಿ. ಉತಾರದಲ್ಲಿ ಒಂದಕ್ಷರ ಬದಲಾದರೂ ಹೊಲದೊಡೆಯನ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗಲಿ. ಖಾಲಿ ಕಲಮಿಗೂ ‘ಇಲ್ಲ’ ಎಂಬ ಕಲಮಿಗೂ ಬೇರೆ ಬೇರೆ ಗುರುತಿರಲಿ. ಕೀಲಿಮಣೆಯಲ್ಲಿ ಆದ ತಪ್ಪನ್ನು ತಿದ್ದಿಸಿಕೊಳ್ಳಲು ರೈತ ಅರ್ಜಿ, ಪ್ರಮಾಣಪತ್ರ, ವಕೀಲರ ಶುಲ್ಕಗಳ ಹೊರೆ ಹೊರುವ ಪದ್ಧತಿ ನಿಲ್ಲಲಿ; ತಪ್ಪು ಮಾಡಿದವರೇ ತಿದ್ದುವ ಖರ್ಚು ಭರಿಸಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಹಾಗಾದಾಗ ಮಾತ್ರ ತಪ್ಪು ಕಡಿಮೆಯಾಗುತ್ತದೆ.

ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ. ಈಗ ಎಲ್ಲರೂ ಕೃತಕ ಬುದ್ಧಿಮತ್ತೆಯ ಮಾತನಾಡುತ್ತಿದ್ದಾರೆ. ಅದು ಬರಲಿ, ಸಂತೋಷ. ಅದಕ್ಕೂ ಮುನ್ನ ತಂತ್ರಾಂಶ ರೂಪಿಸುವ ಜಾಣರು ವರ್ಷಕ್ಕೊಂದು ದಿನ ಸಿಂದಗಿಯದೋ ಮುದ್ದೇಬಿಹಾಳದ್ದೋ ಕಿಟಕಿಯ ಹೊರಗಡೆ, ರೈತರ ಸಾಲಿನಲ್ಲಿ ನಿಂತು ಒಂದು ಉತಾರ ಪಡೆಯಲಿ. ಮೇ ತಿಂಗಳಾದರೆ ಇನ್ನೂ ಒಳ್ಳೆಯದು. ಸಾಲು ಮುಂದೆ ಸರಿಯುವಷ್ಟರಲ್ಲಿ, ಯಾವ ಕಲಂ ಅನಗತ್ಯ, ಯಾವ ಪ್ರಶ್ನೆ ಅರ್ಥಹೀನ, ಯಾವ ನಕ್ಷತ್ರ ಯಾರಿಗೂ ಬೇಡವಾದದ್ದು ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ಮುಂದಿನವರು ಹೇಳಿಕೊಡುತ್ತಾರೆ, ಅದೂ ಅಪ್ಪಟ ವಿಜಯಪುರದ ಕನ್ನಡದಲ್ಲಿ.